ಗದ್ದಲದ ನಡುವೆ ಒಂದು ದನಿ



ದೂರದರ್ಶನದ ಸ್ಟುಡಿಯೋದಲ್ಲಿ ಒಂದು ಭಾಷಣವನ್ನೋ ಸಂದರ್ಶನವನ್ನೋ ಮುದ್ರಿಸಿಕೊಳ್ಳುವ ಮೊದಲು ನಾವು ತಪ್ಪದೆ ಮಾಡುವ ಕೆಲಸವೊಂದಿದೆ. ಬಾಗಿಲು ಮುಚ್ಚಿ, ಫ್ಯಾನು ನಿಲ್ಲಿಸಿ, ಎಲ್ಲರೂ ಅರ್ಧ ನಿಮಿಷ ಸುಮ್ಮನೆ ಕೂರುತ್ತೇವೆ. ಆ ಅರ್ಧ ನಿಮಿಷ ಧ್ವನಿ ವಿಭಾಗದವರು ಕಿವಿಗೆ ಹೆಡ್‌ಫೋನ್ ಏರಿಸಿಕೊಂಡು ಖಾಲಿ ಕೋಣೆಯ ಸದ್ದನ್ನು ಕೇಳುತ್ತಾರೆ. ಎಲ್ಲೋ ಒಂದು ಟ್ಯೂಬ್‌ಲೈಟಿನ ಚೋಕು ಗುಂಯ್ ಎನ್ನುತ್ತಿದ್ದರೆ ಅದನ್ನು ಹುಡುಕಿ ಆರಿಸುವವರೆಗೆ ಮಾತು ಆರಂಭವಾಗುವುದಿಲ್ಲ. ವರ್ಷಗಟ್ಟಲೆ ಈ ಕೆಲಸ ಮಾಡಿದ ನನಗೆ, ಇದೇ ಪಾಠವನ್ನು ನನ್ನ ಮನೆಯ ತಾರಸಿಯ ಮೇಲಿನ ಆಂಟೆನಾಕ್ಕೂ ಅನ್ವಯಿಸಬೇಕು ಎಂಬುದು ಬಹಳ ತಡವಾಗಿ ಹೊಳೆಯಿತು. ಹೊಳೆಯಿಸಿದವರು ಉತ್ತರ ಕನ್ನಡದ ಒಬ್ಬ ನಿವೃತ್ತ ಮಾಸ್ತರರು.

ನಾನೂ ಅವರೂ ಹವ್ಯಾಸಿ ರೇಡಿಯೋದವರು. ಎಂದರೆ, ಕೇಂದ್ರ ಸರ್ಕಾರದ ಪರೀಕ್ಷೆ ಬರೆದು, ಪರವಾನಗಿ ಪಡೆದು, ಮನೆಯಿಂದಲೇ ರೇಡಿಯೋ ಮೂಲಕ ಪರಸ್ಪರ ಮಾತನಾಡುವವರು. 2019ರ ಆಗಸ್ಟ್ ತಿಂಗಳ ಮಳೆಯನ್ನು ನೀವು ಮರೆತಿರಲಾರಿರಿ. ಮಾಸ್ತರರ ಊರು ನದೀತೀರದ್ದು. ಅಲ್ಲಿ ವಿದ್ಯುತ್ತೂ ಇಲ್ಲ, ದೂರವಾಣಿಯೂ ಇಲ್ಲ. ಬೆಂಗಳೂರಿನಲ್ಲಿರುವ ಅವರ ಮಗಳು ನನಗೆ ಫೋನ್ ಮಾಡಿ, "ಅಪ್ಪನ ದನಿ ಏನಾದರೂ ಕೇಳಿಸಿತೇ?" ಎಂದು ವಿಚಾರಿಸುತ್ತಿದ್ದರು. ನಾನು ದಿನವೂ ಸಂಜೆ ಆರಕ್ಕೆ 40 ಮೀಟರ್ ಬ್ಯಾಂಡಿನಲ್ಲಿ ಅವರನ್ನು ಕರೆಯುತ್ತಿದ್ದೆ. ಉತ್ತರವಾಗಿ ಕೇಳುತ್ತಿದ್ದುದು ಬರೀ ಗೊರಗೊರ ಗದ್ದಲ. ಮೂರನೆಯ ಸಂಜೆ ಹೀಗೆ ಕೂತಿರುವಾಗ ನಮ್ಮ ಬೀದಿಯಲ್ಲಿ ಕರೆಂಟು ಹೋಯಿತು. ರೇಡಿಯೋ ಬ್ಯಾಟರಿಯ ಮೇಲೆ ನಡೆಯುತ್ತಿತ್ತು. ಯಾರೋ ಪರದೆ ಸರಿಸಿದಂತೆ ಗದ್ದಲ ಇಳಿಯಿತು. ಅದರ ಕೆಳಗಿನಿಂದ ಮಾಸ್ತರರ ದನಿ ಮೇಲೆದ್ದು ಬಂತು.

"ತಮ್ಮಾ, ಮೂರು ದಿವಸ ಆಯ್ತು ಕೂಗ್ತಾ ಇದ್ದೇನೆ. ನಿನ್ನದು ನನಗೆ ಸ್ವಚ್ಛ ಕೇಳ್ತದೆ. ನನ್ನದು ನಿನಗೆ ಯಾಕೆ ಕೇಳೂದಿಲ್ಲ?"

ಗಂಡ ಹೆಂಡತಿ ಇಬ್ಬರೂ ನೆರೆಯವರ ಮಾಳಿಗೆಯಲ್ಲಿ ಕ್ಷೇಮವಾಗಿದ್ದರು. ಮಗಳಿಗೆ ತಿಳಿಸಬೇಕಾದದ್ದನ್ನು ಬರೆದುಕೊಂಡೆ. ಸ್ವಲ್ಪ ಹೊತ್ತಿನಲ್ಲೇ ಕರೆಂಟು ಬಂತು. ದೀಪಗಳು ಹತ್ತಿದವು, ಮಾಸ್ತರರು ಮತ್ತೆ ಮುಳುಗಿಹೋದರು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅವರ ಬಳಿ ಇದ್ದದ್ದು ಐದು ವಾಟ್‌ನ ಪುಟ್ಟ ರೇಡಿಯೋ ಮತ್ತು ಒಂದು ಬ್ಯಾಟರಿ. ಅದು ಮೂರು ದಿನವೂ ತನ್ನ ಕೆಲಸ ಮಾಡಿತ್ತು. ಅವರ ಊರಿನಲ್ಲಿ ವಿದ್ಯುತ್ತೇ ಇಲ್ಲದ್ದರಿಂದ ಅಲ್ಲಿ ರೇಡಿಯೋ ಗದ್ದಲವೂ ಇರಲಿಲ್ಲ, ಆದ್ದರಿಂದ ನಾನು ಅವರಿಗೆ ಸ್ಪಷ್ಟವಾಗಿ ಕೇಳುತ್ತಿದ್ದೆ. ಕಿವುಡಾಗಿದ್ದದ್ದು ನನ್ನ ಮನೆ. ಇನ್ನೊಬ್ಬರಿಗೆ "ಜೋರಾಗಿ ಮಾತಾಡಿ" ಎನ್ನುವ ಮೊದಲು ನಮ್ಮ ಮನೆಯ ಸದ್ದನ್ನು ಅಡಗಿಸಬೇಕು. ಆ ಕೆಲಸ ಹೇಗೆ ಎಂಬುದೇ ಇಂದಿನ ಮಾತಿನ ವಿಷಯ.

ಮೊದಲು ಸ್ವಲ್ಪ ವಿಜ್ಞಾನ. ಹವ್ಯಾಸಿಗಳ ಕೆಳ ಬ್ಯಾಂಡುಗಳೆಂದರೆ 160, 80 ಮತ್ತು 40 ಮೀಟರ್ ತರಂಗದೂರದವು. ಇವುಗಳ ಆವೃತ್ತಿ ಕ್ರಮವಾಗಿ 1.8, 3.5 ಮತ್ತು 7 ಮೆಗಾಹರ್ಟ್ಸ್‌ನ ಆಸುಪಾಸು. ಇಲ್ಲಿ ಕಳಿಸಿದ ಅಲೆ ಮೇಲಕ್ಕೇರಿ, ಅಯಾನುಗೋಳದಿಂದ ಬಾಗಿ, ನೂರಾರು ಕಿಲೋಮೀಟರ್ ಆಚೆ ನೆಲಕ್ಕೆ ಇಳಿಯುತ್ತದೆ. ನಡುವೆ ಘಟ್ಟವಿದ್ದರೂ ಅಡ್ಡಿಯಿಲ್ಲ. ಇಂಥ ಕಷ್ಟಕಾಲಕ್ಕೆ ಒದಗುವುದು ಇದೇ ಗುಣ. 2004ರ ಡಿಸೆಂಬರ್ 26ರಂದು ಸುನಾಮಿ ಅಪ್ಪಳಿಸಿದಾಗ, ಆಗಿನ ಪೋರ್ಟ್ ಬ್ಲೇರ್‌ನಲ್ಲಿ ಹವ್ಯಾಸಿ ಕೇಂದ್ರ ನಡೆಸುತ್ತಿದ್ದ ಭಾರತಿ ಪ್ರಸಾದ್ ಮತ್ತು ಅವರ ಸಂಗಡಿಗರು ಅಂಡಮಾನಿನಿಂದ ಸಂದೇಶಗಳನ್ನು ಹೊರಕ್ಕೆ ಮುಟ್ಟಿಸಿದರು. ಅಂಥ ಪ್ರತಿಯೊಂದು ಸಂದೇಶಕ್ಕೂ ಇತ್ತ ದಡದಲ್ಲಿ ಅದನ್ನು ಕೇಳಿಸಿಕೊಂಡ ಒಂದು ಕಿವಿ ಇರಲೇಬೇಕು.

ಆದರೆ ಗದ್ದಲ ಹೆಚ್ಚಾಗಿರುವುದೂ ಈ ಕೆಳ ಬ್ಯಾಂಡುಗಳಲ್ಲೇ. ಒಂದು ಬಗೆಯ ಗದ್ದಲ ನಿಸರ್ಗದ್ದು. ಸಿಡಿಲು ಹೊಡೆದಾಗಲೆಲ್ಲ ರೇಡಿಯೋ ಅಲೆಗಳು ಏಳುತ್ತವೆ, ದೂರದೂರದ ಗುಡುಗು ಮಳೆಯೂ ನಮ್ಮ ರೇಡಿಯೋದಲ್ಲಿ ಚಟಪಟ ಎನ್ನುತ್ತದೆ. ಅದನ್ನು ನಿಲ್ಲಿಸುವುದು ಯಾರ ಕೈಯಲ್ಲೂ ಇಲ್ಲ. ಇನ್ನೊಂದು ಬಗೆ ಮನುಷ್ಯನದು. ಹಿಂದಿನ ತಂತಿ ಬಲ್ಬು ರೇಡಿಯೋಕ್ಕೆ ತೊಂದರೆ ಕೊಡುತ್ತಿರಲಿಲ್ಲ. ಈಗಿನ ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್, ಸೆಟ್‌ಟಾಪ್ ಪೆಟ್ಟಿಗೆಯ ಅಡಾಪ್ಟರ್, ಯುಪಿಎಸ್ ಇವುಗಳೊಳಗೆ ವಿದ್ಯುತ್ತನ್ನು ಕ್ಷಣಕ್ಷಣಕ್ಕೂ ಕಡಿದು ಜೋಡಿಸುವ ಮಂಡಲವಿರುತ್ತದೆ. ಉದಾಹರಣೆಗೆ, ಒಂದು ಚಾರ್ಜರ್ ಸೆಕೆಂಡಿಗೆ 65,000 ಸಲ, ಅಂದರೆ 65 ಕಿಲೋಹರ್ಟ್ಸ್‌ನಲ್ಲಿ, ಹೀಗೆ ಕಡಿಯುತ್ತದೆ ಎಂದುಕೊಳ್ಳಿ. ಅದು 65ರಲ್ಲಿ ಮಾತ್ರ ಸದ್ದು ಮಾಡಿ ಸುಮ್ಮನಾಗುವುದಿಲ್ಲ. 65ರ ಮಗ್ಗಿಯುದ್ದಕ್ಕೂ, 130, 195, 260 ಎಂದು ಕೂಗುತ್ತ ಹೋಗುತ್ತದೆ. 65ನ್ನು 108ರಿಂದ ಗುಣಿಸಿ: 7020 ಕಿಲೋಹರ್ಟ್ಸ್. 109ರಿಂದ ಗುಣಿಸಿ: 7085. 110ರಿಂದ: 7150. ಮೂರೂ 40 ಮೀಟರ್ ಬ್ಯಾಂಡಿನೊಳಗೇ ಬಂದು ಕೂತವು.

ಹಾಗಿದ್ದರೆ ಒಂದು ಆಂಪ್ಲಿಫಯರ್ ಹಾಕಿ ದನಿಯನ್ನು ಹಿಗ್ಗಿಸಬಾರದೇ ಎಂದು ನೀವು ಕೇಳಬಹುದು. ಸಂತೆಯಲ್ಲಿ ಪಿಸುಮಾತು ಕೇಳುತ್ತಿಲ್ಲವೆಂದು ಕಿವಿಗೆ ಕೊಳವೆ ಹಚ್ಚಿದರೆ ಸಂತೆಯ ಸದ್ದೂ ಅಷ್ಟೇ ಹಿಗ್ಗುತ್ತದೆ. ಎಣಿಕೆಗೆ ಬರುವುದು ದನಿಯ ಬಲ ಗದ್ದಲದ ಬಲಕ್ಕಿಂತ ಎಷ್ಟು ಪಟ್ಟು ಎಂಬ ಅನುಪಾತ. ಇದನ್ನು ಅಳೆಯಲು ನಮ್ಮ ರೇಡಿಯೋಗಳಲ್ಲಿ ಎಸ್-ಮೀಟರ್ ಎಂಬ ಸೂಜಿ ಇರುತ್ತದೆ. ಅದರಲ್ಲಿ ಒಂದೊಂದು ಮೆಟ್ಟಿಲೂ ಬಲದಲ್ಲಿ ಸುಮಾರು ನಾಲ್ಕು ಪಟ್ಟಿನ ವ್ಯತ್ಯಾಸ. ನನ್ನ ಮನೆಯ ಗದ್ದಲ 9ನೇ ಮೆಟ್ಟಿಲಲ್ಲಿತ್ತು. ಮಾಸ್ತರರ ದನಿ ಸುಮಾರು 5ರಲ್ಲಿತ್ತು. ಕೇಳುವುದು ಹೇಗೆ?

ಮರುದಿನದಿಂದ ಹುಡುಕಾಟ ಶುರುವಾಯಿತು. ಮೊದಲ ಪ್ರಶ್ನೆ: ಗದ್ದಲ ರೇಡಿಯೋದೊಳಗಿನದೇ, ಹೊರಗಿನದೇ? ಆಂಟೆನಾ ಕೇಬಲ್ ತೆಗೆದು ಅದರ ಜಾಗದಲ್ಲಿ 50 ಓಮ್ ರೋಧಕ ಹಾಕಿದೆ. ರೇಡಿಯೋ ಸುಮ್ಮನಾಯಿತು. ಗದ್ದಲ ಹೊರಗಿನದೇ ಎಂದಾಯಿತು.

ಎರಡನೆಯ ಪ್ರಶ್ನೆ: ನನ್ನ ಮನೆಯದೇ, ಬೇರೆಯವರದೇ? ರೇಡಿಯೋವನ್ನು ಬ್ಯಾಟರಿಗೆ ಕೂಡಿಸಿ, ಮನೆಯ ಮೇನ್ ಸ್ವಿಚ್ ಆರಿಸಿದೆ. ಸೂಜಿ 9ರಿಂದ 7ಕ್ಕೆ ಇಳಿಯಿತು. ಆಮೇಲೆ ಮೇನ್ ಹಾಕಿ, ಒಂದೊಂದೇ ಸಾಧನವನ್ನು ಚಾಲೂ ಮಾಡುತ್ತ ಪುಸ್ತಕದಲ್ಲಿ ಎರಡು ಕಾಲಂ ಎಳೆದು ಬರೆದೆ. ಫ್ರಿಜ್ಜು, ವ್ಯತ್ಯಾಸವಿಲ್ಲ. ಮಿಕ್ಸಿ, ತಿರುಗುವಾಗ ಮಾತ್ರ ಸದ್ದು. ಅಡುಗೆಮನೆಯ ಅಗ್ಗದ ಎಲ್‌ಇಡಿ ಬಲ್ಬು, ಒಂದು ಮೆಟ್ಟಿಲು. ಗೋಡೆಗೆ ಚುಚ್ಚಿ ಮರೆತಿದ್ದ ಒಂದು ಹಳೆಯ ಅಡಾಪ್ಟರ್, ಅದೂ ಒಂದು ಮೆಟ್ಟಿಲು. ಆ ಅಡಾಪ್ಟರ್ ಸೇರಿದ್ದ ಸಾಧನ ಕೆಟ್ಟು ಮೂಲೆ ಸೇರಿ ಎರಡು ವರ್ಷವಾಗಿತ್ತು! ಬಲ್ಬು ಬದಲಾಯಿಸಿದೆ, ಅಡಾಪ್ಟರ್ ಕಿತ್ತೆ. ಸೂಜಿ 7ರಲ್ಲಿ ನಿಂತಿತು. ಭೌತಶಾಸ್ತ್ರದ ಪ್ರಯೋಗಶಾಲೆಯಲ್ಲಿ ನಿಮಗೆ ಕಲಿಸುವುದೂ ಇದನ್ನೇ ಅಲ್ಲವೇ? ಒಂದು ಸಲಕ್ಕೆ ಒಂದೇ ಸಂಗತಿಯನ್ನು ಬದಲಿಸು, ಬರೆದಿಡು.

ಮೂರನೆಯದು ಪಕ್ಕದ ಮನೆ. ಇದಕ್ಕೆ ಒಂದು ಸಾಧಾರಣ ಟ್ರಾನ್ಸಿಸ್ಟರ್ ಸಾಕು. ಅದರೊಳಗೆ ಮಧ್ಯಮ ತರಂಗಕ್ಕೆಂದು ಕಪ್ಪು ಫೆರೈಟ್ ಕಡ್ಡಿಯ ಆಂಟೆನಾ ಇರುತ್ತದೆ. ಯಾವ ನಿಲಯವೂ ಇಲ್ಲದ ಜಾಗಕ್ಕೆ ಶ್ರುತಿ ಮಾಡಿ ಟ್ರಾನ್ಸಿಸ್ಟರನ್ನು ನಿಧಾನವಾಗಿ ಸುತ್ತ ತಿರುಗಿಸಿ. ಗದ್ದಲ ಅತಿ ಕಡಿಮೆ ಕೇಳುವಾಗ ಕಡ್ಡಿಯ ತುದಿ ಗದ್ದಲದ ಮೂಲದತ್ತ ಮುಖ ಮಾಡಿರುತ್ತದೆ. ಎರಡು ತುದಿಗಳಿರುವುದರಿಂದ ದಿಕ್ಕು ಈಚೆಯೋ ಆಚೆಯೋ ಎಂಬ ಅನುಮಾನ ಉಳಿಯುತ್ತದೆ. ಇನ್ನೊಂದು ಜಾಗದಿಂದ ಮತ್ತೆ ನೋಡಿದರೆ ಎರಡು ಗೆರೆಗಳು ಕೂಡುವ ಕಡೆ ಮೂಲ ಸಿಕ್ಕುತ್ತದೆ. ಮೂಲಕ್ಕೆ ತೀರ ಹತ್ತಿರ ಹೋದಾಗ ದಿಕ್ಕು ತಪ್ಪಬಹುದು, ಅಲ್ಲಿ ಸದ್ದಿನ ಏರಿಳಿತವನ್ನೇ ನಂಬಬೇಕು.

ನನ್ನ ಗೆರೆಗಳು ಕೂಡಿದ್ದು ಪಕ್ಕದ ಮನೆಯ ಅಜ್ಜಿಯ ಜಗಲಿಯಲ್ಲಿ. ಗಂಟು ಮುಖದಿಂದ ಹೋಗಿ ದೂರು ಹೇಳಿದರೆ ಕೆಲಸ ಕೆಡುತ್ತದೆ. ಟ್ರಾನ್ಸಿಸ್ಟರ್ ಹಿಡಿದುಕೊಂಡೇ ಹೋದೆ.

"ನಮ್ಮನೆ ದೀಪದಿಂದ ನಿಮ್ಮ ರೇಡಿಯೋಗೆ ಏನಪ್ಪಾ ತೊಂದರೆ?" ಎಂದರು ಅಜ್ಜಿ.

"ನೀವೇ ಒಂದ್ಸಲ ಆರಿಸಿ ನೋಡಿ ಅಜ್ಜಿ" ಎಂದೆ.

ಆರಿಸಿದರು, ಟ್ರಾನ್ಸಿಸ್ಟರ್ ಸುಮ್ಮನಾಯಿತು. ಹಾಕಿದರು, ಗೊರಗೊರ. ನಾಲ್ಕು ಸಲ ಆರಿಸಿ ಹಾಕಿ, "ಅಯ್ಯೋ, ಇಷ್ಟು ಕೂಗಾಡುತ್ತೇನಪ್ಪಾ ಇದು!" ಎಂದು ನಕ್ಕರು. ನಾನು ತಂದಿದ್ದ ಬೇರೆ ಬಲ್ಬನ್ನು ಅಲ್ಲಿಗೆ ಹಾಕಿ ಬಂದೆ. ಸೂಜಿ 6ಕ್ಕೆ ಇಳಿಯಿತು.

ನಾಲ್ಕನೆಯದು, ನಾನು ಎಂದೂ ಅನುಮಾನಿಸದ ವಸ್ತು: ಆಂಟೆನಾದಿಂದ ಮನೆಯೊಳಕ್ಕೆ ಬರುವ ಕೋಆಕ್ಸಿಯಲ್ ಕೇಬಲ್. ಅದರಲ್ಲಿ ನಡುವೆ ಒಂದು ತಂತಿ, ಸುತ್ತ ಜಾಲರಿಯ ಕವಚ. ಸಂಕೇತದ ವಿದ್ಯುತ್ತು ನಡುತಂತಿಯಲ್ಲೂ ಕವಚದ ಒಳಮೈಯಲ್ಲೂ ಹರಿಯುತ್ತದೆ. ಕವಚದ ಹೊರಮೈ ಒಂದು ಮೂರನೆಯ ದಾರಿ. ಮನೆಯ ವೈರಿಂಗಿನ ಪಕ್ಕದಲ್ಲಿ ಹಾದುಹೋಗುವಾಗ ಈ ಹೊರಮೈಯೇ ಆಂಟೆನಾದಂತೆ ವರ್ತಿಸಿ ಗದ್ದಲವನ್ನು ಹೀರಿಕೊಳ್ಳುತ್ತದೆ, ಮೇಲೆ ಆಂಟೆನಾದ ತುದಿಗೆ ಸಾಗಿಸುತ್ತದೆ, ಅಲ್ಲಿಂದ ಅದು ಒಳದಾರಿಗೆ ಹೊಕ್ಕು ಕೆಳಗಿಳಿಯುತ್ತದೆ. ಇದಕ್ಕೆ ಉಪಾಯ ಫೆರೈಟ್ ಉಂಗುರ. ದೊಡ್ಡ ಉಂಗುರದೊಳಗೆ ಕೇಬಲ್ಲನ್ನು ಹತ್ತು ಹನ್ನೆರಡು ಸುತ್ತು ಸುತ್ತಿದರೆ ಹೊರಮೈಯ ವಿದ್ಯುತ್ತಿಗೆ ಭಾರಿ ತಡೆ ಒಡ್ಡುತ್ತದೆ. ಒಳಗಿನ ಸಂಕೇತದಲ್ಲಿ ಹೋಗುವ ಮತ್ತು ಬರುವ ವಿದ್ಯುತ್ತು ಸಮವಾಗಿದ್ದು ಒಂದರ ಕಾಂತತೆಯನ್ನು ಇನ್ನೊಂದು ಅಳಿಸುವುದರಿಂದ ಅದಕ್ಕೆ ಉಂಗುರದ ಗೊಡವೆಯೇ ಇಲ್ಲ. ಎಲ್ಲ ಫೆರೈಟೂ ಒಂದೇ ಅಲ್ಲ. ಕೆಳ ಬ್ಯಾಂಡುಗಳಿಗೆ 31 ಎಂಬ ಸಂಖ್ಯೆಯ ಮಿಶ್ರಣದ್ದು ಒಳ್ಳೆಯದು. ಆಂಟೆನಾದ ನಡುವಿನಲ್ಲಿ ಒಂದು, ಕೇಬಲ್ ಮನೆಯೊಳಕ್ಕೆ ಬರುವ ಕಡೆ ಒಂದು, ಹೀಗೆ ಎರಡು ಹಾಕಿದೆ.

ಅದರೊಂದಿಗೆ ಆಂಟೆನಾದ ಜಾಗವನ್ನೂ ಬದಲಿಸಿದೆ. 7.1 ಮೆಗಾಹರ್ಟ್ಸ್‌ನ ಅಲೆಯ ಉದ್ದ ಸುಮಾರು 42 ಮೀಟರ್. ಅರ್ಧ ಅಲೆಯ ಡೈಪೋಲ್ ಆಂಟೆನಾಕ್ಕೆ ಸುಮಾರು 20 ಮೀಟರ್ ತಂತಿ ಬೇಕು. ನನ್ನದು ಬೆಂಗಳೂರಿನ ಮಾಮೂಲಿ 30-40 ಅಡಿ ನಿವೇಶನ. ಪೈಥಾಗೊರಸನನ್ನು ನೆನೆಯಿರಿ: ಕರ್ಣ 50 ಅಡಿ, ಅಂದರೆ 15 ಮೀಟರ್. ತಂತಿಯನ್ನು ನೆಟ್ಟಗೆ ಕಟ್ಟಲಾಗದು. ಆದರೆ ನಡುವನ್ನು ಬಿದಿರಿನ ಗಳುವಿನ ಮೇಲೆ ಎತ್ತಿ, ಎರಡೂ ಕಾಲುಗಳನ್ನು 45 ಡಿಗ್ರಿ ಇಳಿಬಿಟ್ಟರೆ ನೆಲದಲ್ಲಿ ಅದು ಹಿಡಿಯುವ ಜಾಗ 14 ಮೀಟರ್. ಕರ್ಣದಲ್ಲಿ ಸರಿಯಾಗಿ ಕೂತಿತು. ಮೊದಲು ನಾನು ಅದನ್ನು ಮೀಟರ್ ಬೋರ್ಡಿನ ವೈರುಗಳು ಹತ್ತುವ ಗೋಡೆಯ ಮಗ್ಗುಲಲ್ಲೇ ಕಟ್ಟಿದ್ದೆ. ಹತ್ತಿರದ ಗದ್ದಲ ದೂರದೊಂದಿಗೆ ಬಹುಬೇಗ ಕುಗ್ಗುತ್ತದೆ, ಕೆಲವೇ ಮೀಟರ್ ಸರಿಸಿದರೂ ಲಾಭ ಕಾಣುತ್ತದೆ. ಉಂಗುರ ಮತ್ತು ಸ್ಥಳಾಂತರ ಎರಡೂ ಸೇರಿ ಸೂಜಿಯನ್ನು 4ಕ್ಕೆ ಇಳಿಸಿದವು. 9ರಿಂದ 4ಕ್ಕೆ ಐದು ಮೆಟ್ಟಿಲು. ನಾಲ್ಕನ್ನು ಐದು ಸಲ ಗುಣಿಸಿ ನೋಡಿ, 1024. ಗದ್ದಲದ ಬಲ ಸಾವಿರದಲ್ಲಿ ಒಂದು ಪಾಲಿಗೆ ಇಳಿದಿತ್ತು.

ಐದನೆಯ ಉಪಾಯ ನೂರು ವರ್ಷ ಹಳೆಯದು: ಮಾತಾಡಲು ಒಂದು ಆಂಟೆನಾ, ಕೇಳಲು ಇನ್ನೊಂದು. 1921ರ ಡಿಸೆಂಬರಿನಲ್ಲಿ ಅಮೆರಿಕದ ಹವ್ಯಾಸಿಗಳ ಸಂಕೇತ ಅಟ್ಲಾಂಟಿಕ್ ಸಾಗರವನ್ನು ದಾಟುತ್ತದೆಯೇ ಎಂದು ಪರೀಕ್ಷಿಸಲು ಪಾಲ್ ಗಾಡ್ಲಿ ಎಂಬಾತ ಸ್ಕಾಟ್ಲೆಂಡಿನ ಆರ್ಡ್ರೋಸನ್ ಎಂಬಲ್ಲಿ ಡೇರೆ ಹಾಕಿ ಕೂತ. ಆತ ಬಳಸಿದ್ದು ಹೆರಾಲ್ಡ್ ಬೆವರೇಜ್ ರೂಪಿಸಿದ ತಂತಿ. ನೆಲದಿಂದ ಸುಮಾರು 12 ಅಡಿ ಎತ್ತರದಲ್ಲಿ ಅಮೆರಿಕದ ದಿಕ್ಕಿಗೆ ಎಳೆದ ಸುಮಾರು 1300 ಅಡಿ ಉದ್ದದ ಒಂಟಿ ತಂತಿ. ಕಳಿಸುವುದಕ್ಕೆ ಅದು ದಂಡ. ಆದರೆ ಅದು ಒಂದೇ ದಿಕ್ಕಿನಿಂದ ಬಂದದ್ದನ್ನು ಕೇಳುತ್ತದೆ, ಉಳಿದ ದಿಕ್ಕುಗಳಿಗೆ ಕಿವಿಗೊಡುವುದಿಲ್ಲ. ಹಲವು ಹವ್ಯಾಸಿಗಳ ಸಂಕೇತ ಅದರಲ್ಲಿ ಕೇಳಿತು.

ನಮ್ಮ ನಿವೇಶನದಲ್ಲಿ 1300 ಅಡಿ ಎಲ್ಲಿ ತರುವುದು? ಅದಕ್ಕೆ ಬದಲಾಗಿ ಚೌಕದ ಬಳೆ ಆಂಟೆನಾ ಇದೆ. ಒಂದು ಮೀಟರ್ ಬದಿಯ ಮರದ ಚೌಕಟ್ಟಿಗೆ ಒಂದೇ ಸುತ್ತು ತಂತಿ, ಎರಡು ತುದಿಗಳ ನಡುವೆ ಹಳೆಯ ರೇಡಿಯೋದ 500 ಪಿಕೋಫ್ಯಾರಡ್ ಗ್ಯಾಂಗ್ ಕಂಡೆನ್ಸರ್. ಅದನ್ನು ತಿರುಗಿಸಿದರೆ 40 ಮೀಟರಿಗೂ 80 ಮೀಟರಿಗೂ ಶ್ರುತಿಯಾಗುತ್ತದೆ. ಒಳಗೆ ಅದರ ಐದನೆಯ ಒಂದರಷ್ಟು ಗಾತ್ರದ ಇನ್ನೊಂದು ಪುಟ್ಟ ಬಳೆ ಇಟ್ಟು ಅದರಿಂದ ಕೇಬಲ್ ತೆಗೆದುಕೊಳ್ಳಬೇಕು. ಚೌಕಟ್ಟಿನ ಮುಖಕ್ಕೆ ನೇರವಾಗಿ ಬರುವ ಅಲೆ ಎರಡೂ ಬದಿಗಳನ್ನು ಒಂದೇ ಕ್ಷಣದಲ್ಲಿ ಮುಟ್ಟುತ್ತದೆ. ಅಲ್ಲಿ ಹುಟ್ಟುವ ವೋಲ್ಟೇಜುಗಳು ಪರಸ್ಪರ ಕಳೆದುಹೋಗುತ್ತವೆ. ಹಾಗಾಗಿ ಚೌಕಟ್ಟಿನ ಮುಖವನ್ನು ಗದ್ದಲದತ್ತ ತಿರುಗಿಸಿದರೆ ಗದ್ದಲ ಅಳಿಯುತ್ತದೆ. ಬೀದಿಯ ಗದ್ದಲ ಅಡ್ಡಡ್ಡ ಬರುತ್ತದೆ, ಮಾಸ್ತರರ ದನಿ ಅಯಾನುಗೋಳದಿಂದ ಮೇಲಿನಿಂದ ಇಳಿಯುತ್ತದೆ. ಆದ್ದರಿಂದ ಅದು ಅಳಿಯದೆ ಉಳಿಯುತ್ತದೆ. ಬಳೆಯಲ್ಲಿ ಸಂಕೇತವೂ ಕ್ಷೀಣ, ಸೂಜಿ ಕೆಳಗೇ ಇರುತ್ತದೆ. ಆದರೂ ಡೈಪೋಲಿನಲ್ಲಿ ತಡವರಿಸಿ ಕೇಳುತ್ತಿದ್ದ ಮಾತು ಬಳೆಯಲ್ಲಿ ಸಲೀಸಾಗಿ ಕೇಳುತ್ತದೆ. ಅನುಪಾತ ಎಂದೆನಲ್ಲ, ಅದರ ಮಹಿಮೆ ಇದು.

ಈ ಕೆಲಸವೆಲ್ಲ ಮುಗಿಯಲು ನನಗೆ ನಾಲ್ಕು ತಿಂಗಳ ಭಾನುವಾರಗಳು ಹಿಡಿದವು. ಡಿಸೆಂಬರಿನ ಒಂದು ಸಂಜೆ ಮಾಸ್ತರರನ್ನು ಕರೆದೆ. ಉತ್ತರ ಬಂತು.

"ಏನು ತಮ್ಮಾ, ನಿಮ್ಮಲ್ಲಿ ಕರೆಂಟು ಹೋಗಿದೆಯೋ?"

"ಇಲ್ಲ ಮಾಸ್ತರೇ. ಬೀದಿ ತುಂಬ ದೀಪ ಉರೀತಿದೆ."

ಅವರು ಒಂದು ಕ್ಷಣ ಸುಮ್ಮನಿದ್ದು, "ಹಾಗಾದರೆ ಒಳ್ಳೇದಾಯ್ತು" ಎಂದರು.

ಗದ್ದಲವನ್ನು ಬೆನ್ನಟ್ಟಿದವರಿಗೆ ಕೆಲವೊಮ್ಮೆ ಬೇರೇನೋ ಸಿಕ್ಕಿದ್ದುಂಟು. ಅಮೆರಿಕದ ಬೆಲ್ ಪ್ರಯೋಗಾಲಯದ ಕಾರ್ಲ್ ಜಾನ್ಸ್ಕಿಗೆ ಒಪ್ಪಿಸಿದ್ದ ಕೆಲಸ, ಸಾಗರದಾಚೆಗಿನ ರೇಡಿಯೋ ದೂರವಾಣಿಗೆ ಅಡ್ಡಿಯಾಗುವ ಗದ್ದಲ ಎಲ್ಲಿಯದೆಂದು ಪತ್ತೆ ಮಾಡುವುದು. ಅವರು ಮೋಟಾರು ಗಾಡಿಯ ಚಕ್ರಗಳ ಮೇಲೆ ತಿರುಗುವ ಆಂಟೆನಾ ಕಟ್ಟಿ 20.5 ಮೆಗಾಹರ್ಟ್ಸ್‌ನಲ್ಲಿ ಕೇಳಿದರು. 1932ರಲ್ಲಿ ಗದ್ದಲವನ್ನು ಮೂರಾಗಿ ವಿಂಗಡಿಸಿದರು: ಹತ್ತಿರದ ಸಿಡಿಲು, ದೂರದ ಸಿಡಿಲು, ಮೂಲ ತಿಳಿಯದ ಒಂದು ಸಣ್ಣ ಸುಯ್ಯೆನ್ನುವ ಸದ್ದು. ಮೂರನೆಯದು 23 ಗಂಟೆ 56 ನಿಮಿಷಕ್ಕೊಮ್ಮೆ ಏರುತ್ತಿತ್ತು. ನಕ್ಷತ್ರಗಳು ಆಕಾಶವನ್ನು ಒಂದು ಸುತ್ತು ಹಾಕುವ ಅವಧಿಯೂ ಅದೇ. ಅದು ಬರುತ್ತಿದ್ದದ್ದು ನಮ್ಮ ಆಕಾಶಗಂಗೆಯ ನಡುವಿನ ದಿಕ್ಕಿನಿಂದ. ರೇಡಿಯೋ ಖಗೋಳ ವಿಜ್ಞಾನ ಹುಟ್ಟಿದ್ದು ಹೀಗೆ. ನಮ್ಮ ಗೌರಿಬಿದನೂರಿನ ಬಳಿ ಭಾರತೀಯ ಖಭೌತ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆ ಸೇರಿ ಕಟ್ಟಿದ, 34.5 ಮೆಗಾಹರ್ಟ್ಸ್‌ನಲ್ಲಿ ಆಕಾಶವನ್ನು ಆಲಿಸಿದ ರೇಡಿಯೋ ದೂರದರ್ಶಕವೂ ಇದೇ ವಂಶದ್ದು.

ನೀವೂ ಇಂದೇ ಆರಂಭಿಸಬಹುದು. ಪರವಾನಗಿ ಆಮೇಲೆ ಬರಲಿ. ಮನೆಯ ಟ್ರಾನ್ಸಿಸ್ಟರ್ ಹಿಡಿದು ಕೋಣೆಯಿಂದ ಕೋಣೆಗೆ ನಡೆಯಿರಿ. ಯಾವ ಬಲ್ಬು, ಯಾವ ಚಾರ್ಜರ್ ಎಷ್ಟು ಕೂಗುತ್ತದೆಂದು ಪಟ್ಟಿ ಮಾಡಿ. ಮೇನ್ ಸ್ವಿಚ್ ಆರಿಸುವಾಗ ಮನೆಯ ಹಿರಿಯರು ಜೊತೆಗಿರಲಿ. ಅಡಾಪ್ಟರನ್ನಾಗಲಿ ಬಲ್ಬನ್ನಾಗಲಿ ಬಿಚ್ಚಬೇಡಿ, ಆರಿಸಿದ ಮೇಲೂ ಅದರೊಳಗೆ ವಿದ್ಯುತ್ತು ಉಳಿದಿರುತ್ತದೆ. ಆಂಟೆನಾ ಕಟ್ಟುವಾಗ ವಿದ್ಯುತ್ ತಂತಿಗಳಿಂದ ದೂರವಿರಿ. ತಂತಿ ಕಡಿದು ಬಿದ್ದರೂ ಅವುಗಳ ಮೇಲೆ ಬೀಳದಷ್ಟು ದೂರ. ಗುಡುಗು ಕೇಳುವ ಮೊದಲೇ, ಮೋಡ ಕವಿದಾಗಲೇ, ಕೇಬಲ್ ಬಿಚ್ಚಿ ಹೊರಗೆ ಹಾಕಿ. ಕಂಬದ ಮೇಲಿನ ಸದ್ದಾದರೆ ವಿದ್ಯುತ್ ಕಚೇರಿಗೆ ತಿಳಿಸಿ, ನೀವು ಕಂಬದ ಹತ್ತಿರ ಸುಳಿಯಬೇಡಿ.

ಮುಂದಿನ ಮಳೆಗಾಲದಲ್ಲಿ ಎಲ್ಲೋ ಒಂದು ಮಾಳಿಗೆಯ ಮೇಲೆ ಯಾರೋ ಐದು ವಾಟ್‌ನಲ್ಲಿ ಕೂಗುತ್ತಿರಬಹುದು. ಅದು ನಿಮ್ಮ ಮನೆಗೆ ಕೇಳುವಂತಿರಲಿ.